ಆಶ್ ದೊಡ್ಡದೋ ಮೇಪಲ್ ದೊಡ್ಡದೋ? ಜಗಳ ಸಾಕು, ಕೋಲು ನೋಡಿ

ಬೆಂಗಳೂರಿನ ಯಾವುದೇ ಸ್ನೂಕರ್ ಪಾರ್ಲರಿಗೆ ಶನಿವಾರ ಸಂಜೆ ಹೋಗಿ. ಟೇಬಲ್ ಖಾಲಿಯಾಗೋದನ್ನ ಕಾಯ್ತಾ ಕೂತವರ ಮಧ್ಯೆ ಒಂದು ಜಗಳ ಇದ್ದೇ ಇರುತ್ತೆ. "ಆಶ್ ಅಂದ್ರೆ ಆಶ್ ಗುರೂ, ಆ ಫೀಲೇ ಬೇರೆ" ಅಂತ ಒಬ್ಬ. "ಮೇಪಲ್ ಎಷ್ಟು ಸ್ಮೂತು, ಎಷ್ಟು ಪವರ್ರು" ಅಂತ ಇನ್ನೊಬ್ಬ. ಇಬ್ಬರೂ ಮೂವತ್ತರ ಬ್ರೇಕ್ ಹೊಡೆದು ತಿಂಗಳಾಗಿರುತ್ತೆ. ಆದರೂ ಮನೆ ಬಾಡಿಗೆಯಷ್ಟು ದುಡ್ಡು ಸುರಿದು ಹೊರದೇಶದ ಕೋಲು ತರಿಸ್ತಾರೆ. ತರಿಸದವನನ್ನ, ಅದರಲ್ಲೂ ಚಿಕ್ಕ ಊರಿಂದ ಬಂದು ಗೋಡೆಗೆ ಒರಗಿಸಿಟ್ಟ ಕ್ಲಬ್ಬಿನ ಕೋಲು ಎತ್ತಿಕೊಂಡವನನ್ನ, ಒಂಥರಾ ನೋಡ್ತಾರೆ. ನನ್ನ ತಕರಾರು ಇರೋದು ಆ ನೋಟದ ಬಗ್ಗೆ.

ಮೊದಲು ಅಂಕಿ ನೋಡೋಣ. ಒಣಗಿದ ಆಶ್ ಒಂದು ಘನ ಮೀಟರಿಗೆ ಸುಮಾರು 680 ಕಿಲೋ ತೂಗುತ್ತೆ. ಗಟ್ಟಿ ಮೇಪಲ್ ಸುಮಾರು 705. ಬಾಗದೆ ನಿಲ್ಲೋ ಬಿಗುವು ಎರಡಕ್ಕೂ ಹೆಚ್ಚುಕಮ್ಮಿ 12 ಗಿಗಾಪಾಸ್ಕಲ್. ಅಂದರೆ ನೂರಕ್ಕೆ ನಾಲ್ಕೈದರ ವ್ಯತ್ಯಾಸ. ಒಂದೇ ಜಾತಿಯ ಎರಡು ಮರದ ನಡುವೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇರುತ್ತೆ ಸ್ವಾಮಿ! ಹಾಗಿರುವಾಗ ಜಾತಿಯ ಹೆಸರು ಹಿಡ್ಕೊಂಡು ಜಗಳ ಆಡೋದು ಯಾಕೆ? ಜಾತಿ ಹೆಸರಲ್ಲಿ ಆಡೋ ಬೇರೆ ಜಗಳಗಳು ನಮಗೆ ಸಾಲದೇ?

ಇನ್ನು ಚೆಂಡಿನ ಕಡೆಯಿಂದ ಯೋಚನೆ ಮಾಡಿ. ಕ್ಯೂ ಚೆಂಡಿಗೆ ತಾಗಿಕೊಂಡಿರೋದು ಒಂದೆರಡು ಮಿಲಿಸೆಕೆಂಡು, ಅಷ್ಟೇ. ಅಷ್ಟರಲ್ಲಿ ಚೆಂಡಿಗೆ ಗೊತ್ತಾಗೋದು ಟಿಪ್ಪಿನ ಚರ್ಮ ಮತ್ತು ತುದಿಯ ಕೆಲವು ಇಂಚಿನ ತೂಕ. ಸೈಡ್ ಹಾಕಿದಾಗ ಚೆಂಡು ಗುರಿಯಿಂದ ಎಷ್ಟು ಸರಿಯುತ್ತೆ ಅನ್ನೋದನ್ನ ನಿರ್ಧರಿಸೋದು ಆ ತುದಿಯ ತೂಕವೇ. ಅದಕ್ಕೇ ಪೂಲ್ ಕ್ಯೂ ಮಾಡೋರು ಶಾಫ್ಟಿನ ತುದಿಯನ್ನ ಒಳಗಿಂದ ಕೊರೆದು ಹಗುರ ಮಾಡ್ತಾರೆ, ಈಗೀಗ ಕಾರ್ಬನ್ ಫೈಬರಿಗೇ ಹೋಗಿದ್ದಾರೆ. ಮರವೇ ಇಲ್ಲದ ಶಾಫ್ಟಲ್ಲಿ ಚೆಂಡು ಗುಂಡಿಗೆ ಬೀಳುತ್ತೆ ಅಂದಮೇಲೆ ಯಾವ ಮರದ ಮಹಿಮೆ ಹಾಡ್ತೀರಿ? ಸ್ನೂಕರ್ ನಿಯಮವೂ ಕೋಲು 3 ಅಡಿಗಿಂತ ಗಿಡ್ಡ ಇರಬಾರದು, ವಾಡಿಕೆಯ ಆಕಾರ ಬಿಡಬಾರದು ಅನ್ನುತ್ತೆ. ಇಂಥ ಮರದ್ದೇ ಆಗಬೇಕು ಅನ್ನಲ್ಲ.

ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಆಶ್‌ನ ರಂಧ್ರಗಳು ದೊಡ್ಡವು, ಅದನ್ನ ತುಂಬಿ ಉಜ್ಜಬೇಕು. ಬಾಣದ ಗುರುತಿನಂಥ ಅದರ ಗೆರೆ ಕಣ್ಣಿಗೆ ಒಂದು ನೇರ ಕೊಡುತ್ತೆ, ಕೆಲವರಿಗೆ ಅದು ಬೇಕು. ಮೇಪಲ್ ನುಣುಪು, ಗೆರೆ ಕಾಣೋದು ಕಡಿಮೆ, ಕೆಲವರಿಗೆ ಅದೇ ಇಷ್ಟ. ಇದು ರುಚಿ. ಫಿಲ್ಟರ್ ಕಾಫಿಗೆ ಚಿಕೋರಿ ಹಾಕಬೇಕೋ ಬೇಡವೋ ಅನ್ನೋ ಥರದ್ದು. ರುಚಿಯನ್ನ ಯೋಗ್ಯತೆ ಅಂತ ಮಾರಬೇಡಿ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಕೋಲಿನ ಬುಡಕ್ಕೆ ಬೇಕಾಗೋದು ಕರಿಮರ, ಬೀಟೆ. ಬೀಟೆ ನಮ್ಮ ಮಲೆನಾಡಿನ ಮರ. ಅದರ ಇಡೀ ಕುಲವನ್ನೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದ್ದಾರೆ, ಅಷ್ಟು ಕಡಿದಾಗಿದೆ. ಬುಡ ನಮ್ಮದು, ತುದಿ ಅವರದು! ಅವರ ಆಶ್ ಕಥೆಯೂ ಚೆನ್ನಾಗಿಲ್ಲ. 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕಂಡ ಹಸಿರು ಜೀರುಂಡೆ ಅಲ್ಲಿನ ಕೋಟ್ಯಂತರ ಆಶ್ ಮರ ತಿಂದುಹಾಕಿದೆ. ಯುರೋಪಿನಲ್ಲಿ ಶಿಲೀಂಧ್ರ ರೋಗ, 2012ರಲ್ಲಿ ಬ್ರಿಟನ್ನಿಗೂ ಬಂತು. ಅಂದಹಾಗೆ ಆಶ್ ನಮ್ಮ ಮಲ್ಲಿಗೆಯ ಕುಟುಂಬದ್ದೇ ಮರ ಕಣ್ರೀ.

ಹಾಗಾದರೆ ನಮ್ಮ ತೇಗಕ್ಕೇನಾಗಿದೆ? ತರೀಕೆರೆ ದಾಟಿ ಲಕ್ಕವಳ್ಳಿ ಕಡೆ ಹೋದರೆ ಸಿಗೋ ಅದೇ ತೇಗ. ತೂಕ ಸುಮಾರು 655, ಬಿಗುವು ಅದೇ 12ರ ಆಸುಪಾಸು, ಗೆರೆ, ರಂಧ್ರ ಎಲ್ಲ ಆಶ್ ಥರವೇ. ಹಸಿಮರ ಪೂರ್ತಿ ಒಣಗುವಾಗ ಉಂಗುರದ ಗುಂಟ ಮೇಪಲ್ ನೂರಕ್ಕೆ ಹತ್ತರಷ್ಟು ಕುಗ್ಗುತ್ತೆ, ತೇಗ ಐದರಷ್ಟು. ಮಲೆನಾಡಿನ ಮಳೆಗಾಲದಲ್ಲಿ ಕೋಲು ಡೊಂಕಾಗೋದನ್ನ ನೋಡಿದವರಿಗೆ ಇದರ ಬೆಲೆ ಗೊತ್ತು. ತೊಂದರೆ ಇದೆ: ತೇಗದಲ್ಲಿರೋ ಸಿಲಿಕಾ ಉಳಿಯನ್ನ ಮೊಂಡು ಮಾಡುತ್ತೆ, ಎಣ್ಣೆ ಅಂಟನ್ನ ಸರಿಯಾಗಿ ಹಿಡಿಯಗೊಡಲ್ಲ, ಮುರಿಯದೆ ತಡೆಯೋ ಶಕ್ತಿ ಸ್ವಲ್ಪ ಕಡಿಮೆ. ತೇಗದ ಕೋಲೇ ಶ್ರೇಷ್ಠ ಅಂತ ನಾನು ಹೇಳ್ತಿಲ್ಲ. ಕಾಡು ಕಡೀರಿ ಅಂತಂತೂ ಅಲ್ಲವೇ ಅಲ್ಲ, ತೋಟದ ಬದುವಿನ ತೇಗ ಸಾಕು. ಆದರೆ ಅಂಕಿ ನೋಡಿದ ಯಾರೂ ಪರೀಕ್ಷೆ ಮಾಡದೆ ಅದನ್ನ ತಳ್ಳಿಹಾಕೋಕೆ ಆಗಲ್ಲ.

ಅದೇ ತರೀಕೆರೆ ಸೀಮೆಯ ಅಮೃತಾಪುರಕ್ಕೆ ಒಮ್ಮೆ ಹೋಗಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಮಂಟಪದ ಕಂಬಗಳು ಕಡೆದಿಟ್ಟ ಹಾಗೆ ದುಂಡಗೆ ಹೊಳೆಯುತ್ತವೆ. ಹೊಯ್ಸಳರ ಕುಶಲಿಗಳು ಬಾದಾಮಿಯ ಮರಳುಗಲ್ಲೇ ಬರಲಿ ಅಂತ ಕಾಯ್ತಾ ಕೂರಲಿಲ್ಲ. ಕೈಗೆ ಸಿಕ್ಕ ಬಳಪದ ಕಲ್ಲಿನ ಗುಣ ಏನು, ದೋಷ ಏನು ಅಂತ ತಿಳ್ಕೊಂಡು ಕೆಲಸ ಮಾಡಿದರು. ಚನ್ನಪಟ್ಟಣದವರು ಆಲೆಮರ ಹಿಡಿದು ಆಟಿಕೆ ಕಡೆದದ್ದೂ ಹಾಗೇ. ಕಡೆಯೋ ಕೈ ನಮ್ಮಲ್ಲಿ ಇಲ್ಲ ಅನ್ನೋ ಹಾಗಿಲ್ಲ. ಆಟವೂ ಪರಕೀಯ ಅಲ್ಲ: 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿ, ನಮ್ಮ ಗುಂಡ್ಲುಪೇಟೆ ದಾಟಿದರೆ ಸಿಗೋ ಊಟಿಯ ಕ್ಲಬ್ಬಲ್ಲಿ ನಿಯಮ ಬರೆಸಿಕೊಂಡದ್ದು.

ಆದ್ದರಿಂದ ಮುಂದಿನ ಸಲ ಕೋಲು ಕೊಳ್ಳುವಾಗ ಜಾತಿ ಕೇಳಬೇಡಿ. ಟೇಬಲ್ ಮೇಲೆ ಉರುಳಿಸಿ, ಡೊಂಕಿದೆಯಾ ನೋಡಿ. ಗೆರೆ ಬುಡದಿಂದ ತುದಿವರೆಗೆ ನೇರ ಓಡುತ್ತಾ, ಮಧ್ಯದಲ್ಲೇ ಪಕ್ಕಕ್ಕೆ ಜಾರುತ್ತಾ ನೋಡಿ. ಎಷ್ಟು ಚೆನ್ನಾಗಿ ಒಣಗಿಸಿದ್ದಾರೆ ಅಂತ ವಿಚಾರಿಸಿ. ಉಳಿದ ದುಡ್ಡಲ್ಲಿ ಟೇಬಲ್ ಬಾಡಿಗೆ ಕಟ್ಟಿ ಆಡಿ. ಕ್ಲಬ್ ನಡೆಸೋರಿಗೆ ಒಂದೇ ಮಾತು: ಗೋಡೆಗೆ ಒರಗಿಸಿದ ಆ ಬಡಪಾಯಿ ಕೋಲುಗಳ ಟಿಪ್ ಬದಲಾಯಿಸಿ. ಅದನ್ನ ಎತ್ತಿಕೊಳ್ಳೋ ಹುಡುಗ ಸೋತರೆ ಆಟದಲ್ಲಿ ಸೋಲಲಿ, ಸವೆದ ಚರ್ಮದಿಂದ ಸೋಲೋದು ಬೇಡ.