ಚಾಟ್ನಿಗೆ ಮೊದಲು ಟ್ಯಾಂಕಿನ ಲೆಕ್ಕ ಹೇಳಿ

ವಿಜಯಪುರದಲ್ಲಾಗಲಿ ನಾಸಿಕದಲ್ಲಾಗಲಿ ವೈನ್ ದ್ರಾಕ್ಷಿ ಕೊಯ್ಲಿಗೆ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಸಕ್ಕರೆಯ ಅಂಶ ಹದಕ್ಕೆ ಬಂತೆಂದರೆ ಹಣ್ಣು ಬಳ್ಳಿಯಲ್ಲಿ ಕಾಯುತ್ತ ಕೂರುವುದಿಲ್ಲ. ಅಷ್ಟರೊಳಗೆ ವೈನರಿಯ ಉಕ್ಕಿನ ಟ್ಯಾಂಕುಗಳು ಖಾಲಿಯಾಗಿರಬೇಕು. ಹಿಂದಿನ ವರ್ಷದ ವೈನ್ ಅವುಗಳಲ್ಲೇ ನಿಂತಿದ್ದರೆ ಸಣ್ಣ ಉತ್ಪಾದಕನಿಗೆ ಎರಡೇ ದಾರಿ: ಇದ್ದದ್ದನ್ನು ದೊಡ್ಡ ಕಂಪನಿಗೆ ಸಿಕ್ಕ ಬೆಲೆಗೆ ಸಗಟಾಗಿ ಸುರಿದುಬಿಡುವುದು, ಇಲ್ಲವೇ ರೈತನ ಹಣ್ಣನ್ನು ಕೊಳ್ಳದೆ ಕೈಚೆಲ್ಲುವುದು. ಎರಡರಲ್ಲೂ ಪೆಟ್ಟು ಬೀಳುವುದು ದುರ್ಬಲನಿಗೆ.

2022ರ ಜನವರಿ 27ರಂದು ಮಹಾರಾಷ್ಟ್ರದ ಸಚಿವ ಸಂಪುಟ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಾಟಕ್ಕೆ ಒಪ್ಪಿಗೆ ಕೊಟ್ಟಾಗ ಈ ಸಂಕಟ ಚರ್ಚೆಗೆ ಬರಬೇಕಿತ್ತು. ಕನಿಷ್ಠ 1,000 ಚದರ ಅಡಿಯ ಅಂಗಡಿ, ಒಳಗೊಂದು ಪ್ರತ್ಯೇಕ ಕಪಾಟು, ವರ್ಷಕ್ಕೆ 5,000 ರೂಪಾಯಿ ಶುಲ್ಕ, ಶಾಲೆ–ಗುಡಿಗಳ ಸಮೀಪ ನಿಷೇಧ: ಇವು ಆ ತೀರ್ಮಾನದ ಮುಖ್ಯ ಷರತ್ತುಗಳು. ಆದರೆ ನಡೆದ ಜಗಳವೇ ಬೇರೆ. ವೈನ್ ಎಂದರೆ ಮದ್ಯವಲ್ಲ ಎಂದರು ಶಿವಸೇನೆಯ ಸಂಜಯ್ ರಾವುತ್. ಮಹಾರಾಷ್ಟ್ರವನ್ನು ‘ಮದ್ಯರಾಷ್ಟ್ರ’ವಾಗಿಸಲು ಬಿಡುವುದಿಲ್ಲ ಎಂದರು ಆಗ ವಿರೋಧ ಪಕ್ಷದಲ್ಲಿದ್ದ ದೇವೇಂದ್ರ ಫಡಣವೀಸ್. ಅಣ್ಣಾ ಹಜಾರೆ ಉಪವಾಸ ಕೂರುವುದಾಗಿ ಎಚ್ಚರಿಸಿದರು. ಸರ್ಕಾರ ಹಿಂಜರಿಯಿತು, ಜೂನ್‌ನಲ್ಲಿ ಸರ್ಕಾರವೇ ಬಿತ್ತು. ತೀರ್ಮಾನ ಜಾರಿಯಾಗದೆ ಉಳಿಯಿತು.

ಎರಡೂ ಕಡೆಯವರು ರೈತನ ಹೆಸರು ಹೇಳಿದರು. ರೈತನ ಹಣ್ಣು ಟ್ಯಾಂಕಿನಲ್ಲಿ ಏನಾಗುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ.

ಮೊದಲು ಒಂದು ಸುಳ್ಳನ್ನು ಬದಿಗಿಡಬೇಕು. ವೈನ್ ಮದ್ಯವೇ. ಸಾಮಾನ್ಯವಾಗಿ ಶೇ 12ರಿಂದ 14ರಷ್ಟು ಆಲ್ಕೊಹಾಲ್ ಇರುವ ಪಾನೀಯವನ್ನು ಹಣ್ಣಿನ ರಸವೆಂದು ಬಣ್ಣಿಸಿ ಮಾರುವುದು ಗ್ರಾಹಕನಿಗೂ ರೈತನಿಗೂ ಮಾಡುವ ಮೋಸ. ಕುಡಿತದಲ್ಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮದ್ಯಪಾನ ನಿಷೇಧಕ್ಕೆ ಸರ್ಕಾರ ಶ್ರಮಿಸಬೇಕೆನ್ನುವ ಸಂವಿಧಾನದ 47ನೇ ವಿಧಿಯನ್ನು ಮುಂದಿಟ್ಟು ವಿರೋಧಿಸುವವರ ಕಳಕಳಿ ಪ್ರಾಮಾಣಿಕವಾದದ್ದು. ಕುಡಿತದಿಂದ ಮನೆ ಮುರಿದುಕೊಂಡ ಹೆಣ್ಣುಮಕ್ಕಳ ಮಾತಿಗೆ ಯಾವ ಉದ್ಯಮ ನೀತಿಯೂ ಕಿವುಡಾಗಬಾರದು. ಆದರೆ ವೈನ್ ದ್ರಾಕ್ಷಿ ನೆಡಿ ಎಂದು ರೈತನನ್ನು ಕರೆದದ್ದು ಇದೇ ಸರ್ಕಾರಗಳು. ಮಹಾರಾಷ್ಟ್ರ 2001ರಲ್ಲಿ ವೈನ್ ನೀತಿ ತಂದು ಅಬಕಾರಿ ಸುಂಕದಲ್ಲಿ ವಿನಾಯಿತಿ ಕೊಟ್ಟಿತು. ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ಕಟ್ಟಿತು, ಕೃಷ್ಣಾ ಕಣಿವೆ, ನಂದಿ ಕಣಿವೆ ಎಂದು ವೈನ್ ವಲಯಗಳನ್ನು ಗುರುತಿಸಿತು. ಕರೆದು ನೆಡಿಸಿದವರಿಗೆ ಮಾರುವ ಹೊತ್ತಿನಲ್ಲಿ ಮುಖ ತಿರುಗಿಸುವ ಹಕ್ಕಿಲ್ಲ.

ಇದರ ಬೆಲೆಯನ್ನು ನಾಸಿಕದ ರೈತರು ಈಗಾಗಲೇ ತೆತ್ತಿದ್ದಾರೆ. 2008ರ ಜಾಗತಿಕ ಆರ್ಥಿಕ ಕುಸಿತದ ಬೆನ್ನಿಗೇ ಮುಂಬೈ ಮೇಲೆ ಉಗ್ರರ ದಾಳಿ ನಡೆಯಿತು. ಪ್ರವಾಸಿಗರು ಕಡಿಮೆಯಾದರು, ಹೋಟೆಲುಗಳ ಖರೀದಿ ಕುಸಿಯಿತು, ಟ್ಯಾಂಕುಗಳು ತುಂಬಿದವು. ಅನೇಕ ಸಣ್ಣ ವೈನರಿಗಳು ಬಾಗಿಲು ಹಾಕಿದವು. ನಾರಾಯಣಗಾಂವ್‌ನ ಇಂಡೇಜ್‌ನಂಥ ದೊಡ್ಡ ಕಂಪನಿಯೂ ಸಾಲದಲ್ಲಿ ಮುಳುಗಿತು. ತಿನ್ನುವ ದ್ರಾಕ್ಷಿಯಾದ ಥಾಮ್ಸನ್ ಸೀಡ್‌ಲೆಸ್ ಬೆಳೆದವನಿಗೆ ಹಣ್ಣಿನ ಮಾರುಕಟ್ಟೆ ಕೈಕೊಟ್ಟರೆ ಒಣಗಿಸಿ ಮಣೂಕ ಮಾಡುವ ದಾರಿಯಾದರೂ ಇದೆ. ಕ್ಯಾಬರ್ನೆ, ಶಿರಾಜ್‌ನಂಥ ವೈನ್ ತಳಿ ಬೆಳೆದವನಿಗೆ ಅದೂ ಇಲ್ಲ. ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಆ ಹಣ್ಣನ್ನು ಸಂತೆಯಲ್ಲಿ ಕೇಳುವವರಿಲ್ಲ. ಕೊಳ್ಳುವವರಿಲ್ಲದೆ ರೈತರು ಬಳ್ಳಿಗಳನ್ನೇ ಕಿತ್ತೆಸೆದರು.

ದೊಡ್ಡವರ ಕಥೆ ಬೇರೆ. ನಾಸಿಕದ ಸುಲಾ ಕಂಪನಿ 2005ರಲ್ಲೇ ತನ್ನ ತೋಟದ ನಡುವೆ ರುಚಿ ನೋಡುವ ಕೋಣೆ ತೆರೆದು ಪ್ರವಾಸಿಗರನ್ನು ಬಾಗಿಲಿಗೇ ಕರೆತಂದಿತು. 2022ರ ಡಿಸೆಂಬರ್‌ನಲ್ಲಿ ಷೇರುಪೇಟೆಗೆ ಬರುವ ಹೊತ್ತಿಗೆ ದೇಶದ ದ್ರಾಕ್ಷಿ ವೈನ್ ಮಾರುಕಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದಾಗಿತ್ತು. ಆ ಸಾಧನೆ ಶ್ರಮದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಸೂಪರ್‌ಮಾರ್ಕೆಟ್ಟಿನ ಒಂದು ಕಪಾಟು ಯಾರ ಬಾಟಲಿಗಳಿಂದ ತುಂಬುತ್ತಿತ್ತು? ಮದ್ಯದ ಜಾಹೀರಾತಿಗೆ ನಿರ್ಬಂಧವಿರುವ ದೇಶದಲ್ಲಿ ಸೋಡಾ, ಸಂಗೀತದ ಹೆಸರಿನಲ್ಲಿ ಬ್ರ್ಯಾಂಡು ಮೆರೆಸುವ ಶಕ್ತಿ ದೊಡ್ಡ ಕಂಪನಿಗಳಿಗೆ ಮಾತ್ರ ಇದೆ. ಸಣ್ಣ ವೈನರಿ ಗಡಿ ದಾಟಿ ಮಾರಬೇಕೆಂದರೆ ರಾಜ್ಯಕ್ಕೊಂದು ಲೇಬಲ್ ನೋಂದಣಿ, ಶುಲ್ಕ, ಪರವಾನಗಿ. ನೂರು ಪೆಟ್ಟಿಗೆ ಮಾರುವವನಿಗೂ ಲಕ್ಷ ಪೆಟ್ಟಿಗೆ ಮಾರುವವನಿಗೂ ಒಂದೇ ಕಾಗದಪತ್ರವಾದರೆ ಸೋಲುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮಹಾರಾಷ್ಟ್ರದ ತೀರ್ಮಾನ ಜಾರಿಯಾಗಿದ್ದರೂ ಸಣ್ಣವನ ಟ್ಯಾಂಕು ಖಾಲಿಯಾಗುತ್ತಿರಲಿಲ್ಲ.

ಹೆಚ್ಚುವರಿ ದಾಸ್ತಾನನ್ನು ಸರ್ಕಾರವೇ ಕೊಂಡು ಮುಗಿಸಲಿ ಎನ್ನುವವರು ಫ್ರಾನ್ಸಿನತ್ತ ನೋಡಬೇಕು. ಅಲ್ಲಿ ಅರವತ್ತು ವರ್ಷಗಳ ಹಿಂದೆ ತಲೆಗೆ ವರ್ಷಕ್ಕೆ 120 ಲೀಟರ್ ದಾಟುತ್ತಿದ್ದ ವೈನ್ ಬಳಕೆ ಈಗ 40 ಲೀಟರಿನ ಆಸುಪಾಸಿಗೆ ಇಳಿದಿದೆ. 2023ರಲ್ಲಿ ಮಿಕ್ಕ ವೈನನ್ನು ಭಟ್ಟಿ ಇಳಿಸಿ ಸ್ಯಾನಿಟೈಸರ್, ಸುಗಂಧದ್ರವ್ಯಗಳಿಗೆ ಆಲ್ಕೊಹಾಲ್ ಮಾಡಲು ಸರ್ಕಾರ 20 ಕೋಟಿ ಯೂರೊ ತೆಗೆದಿಟ್ಟಿತು. ಬೋರ್ಡೊದಲ್ಲಿ ಬಳ್ಳಿ ಕೀಳಲು ಹೆಕ್ಟೇರಿಗೆ 6,000 ಯೂರೊ ಕೊಟ್ಟರು. ವರ್ಷಕ್ಕೆ ತಲೆಗೆ ಒಂದು ಲೋಟವೂ ದಕ್ಕದಷ್ಟು ವೈನ್ ಕುಡಿಯುವ ಭಾರತ, ತನ್ನ ತೆರಿಗೆದಾರರ ಹಣವನ್ನು ಹೀಗೆ ಸುರಿಯಲು ನೈತಿಕವಾಗಿಯೂ ಆರ್ಥಿಕವಾಗಿಯೂ ಸಾಧ್ಯವಿಲ್ಲ. ಹೊರಗಿನ ಒತ್ತಡವೂ ಏರುತ್ತಿದೆ. ಚೀನಾ ಹೇರಿದ ಸುಂಕದಿಂದ ಮಾರುಕಟ್ಟೆ ಕಳೆದುಕೊಂಡ ಆಸ್ಟ್ರೇಲಿಯಾದಲ್ಲಿ ವೈನ್ ರಾಶಿ ಬಿತ್ತು. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದ ಪ್ರಕಾರ, 5ರಿಂದ 15 ಡಾಲರ್‌ವರೆಗಿನ ಬೆಲೆಯ ಆಸ್ಟ್ರೇಲಿಯಾದ ಬಾಟಲಿಯ ಮೇಲೆ ಭಾರತದ ಆಮದು ಸುಂಕ ಆಗಲೇ ಶೇ 150ರಿಂದ 100ಕ್ಕೆ ಇಳಿಯಿತು, ಹಂತಹಂತವಾಗಿ 50ಕ್ಕೆ ಬರಲಿದೆ.

ಹಾಗಾದರೆ ಕರ್ನಾಟಕ ಮಾಡಬೇಕಾದದ್ದೇನು? ಕುಡಿಯುವವರ ಸಂಖ್ಯೆ ಹೆಚ್ಚಿಸದೆಯೇ ಮಾಡಬಹುದಾದ ಕೆಲಸಗಳಿವೆ. ಸಣ್ಣ ವೈನರಿಗೆ ತನ್ನ ಬಾಗಿಲಲ್ಲಿ, ವಯಸ್ಸಿನ ದಾಖಲೆ ನೋಡಿ, ನೇರ ಮಾರಾಟ ಸುಲಭವಾಗಲಿ. ಗೋಳಗುಮ್ಮಟಕ್ಕೆ, ನಂದಿಬೆಟ್ಟಕ್ಕೆ ಬರುವವರು ಹಾಗೂ ಬೇರೆ ಮದ್ಯದ ಬದಲು ವೈನ್ ಕೊಳ್ಳುವವರು ಹೇಗೂ ಇದ್ದಾರೆ. ಉಳಿದ ವೈನಿನಿಂದ ವಿನೆಗರ್ ಮಾಡಲು ಒಂದು ಸಾಮಾನ್ಯ ಘಟಕ, ಹಂಗಾಮಿನಲ್ಲಿ ಬಾಡಿಗೆಗೆ ಸಿಗುವ ಹೆಚ್ಚುವರಿ ಟ್ಯಾಂಕುಗಳು ವೈನ್ ಮಂಡಳಿಯ ಹೊಣೆಯಾಗಲಿ. ಬರಹದ ಖರೀದಿ ಕರಾರಿಲ್ಲದೆ ವೈನ್ ತಳಿ ನೆಡಲು ಯಾವ ಇಲಾಖೆಯೂ ರೈತನನ್ನು ಪ್ರೋತ್ಸಾಹಿಸದಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಲೆಕ್ಕ. ದ್ರಾಕ್ಷಿಯ ಫಸಲು ನಿರ್ಧಾರವಾಗುವುದು ಸೆಪ್ಟೆಂಬರ್–ಅಕ್ಟೋಬರ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವಾಗ. ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕು, ಎಷ್ಟು ಗೊಂಚಲು ಉಳಿಸಬೇಕು, ಗೊಬ್ಬರ–ಔಷಧಕ್ಕೆ ಎಷ್ಟು ಸಾಲ ಎತ್ತಬೇಕು ಎಂದು ರೈತ ಆಗ ತೀರ್ಮಾನಿಸುತ್ತಾನೆ, ಅದೂ ವೈನರಿಗಳ ಟ್ಯಾಂಕು ತುಂಬಿದೆಯೋ ಬರಿದಾಗಿದೆಯೋ ತಿಳಿಯದೆ. ಈ ಕತ್ತಲೆ ನಿವಾರಿಸಲು ಹೊಸ ಸಬ್ಸಿಡಿಯೂ ಬೇಡ, ಸಂಪುಟದ ಜಗಳವೂ ಬೇಡ. ವೈನರಿಗಳು ತಮ್ಮಲ್ಲಿರುವ ದಾಸ್ತಾನಿನ ಲೆಕ್ಕವನ್ನು ಅಬಕಾರಿ ಇಲಾಖೆಗೆ ಹೇಗೂ ಒಪ್ಪಿಸುತ್ತವೆ. ಅದನ್ನು ತಳಿವಾರು ಒಟ್ಟುಗೂಡಿಸಿ, ಪ್ರತಿ ವರ್ಷ ಆಗಸ್ಟ್ ಮುಗಿಯುವ ಮೊದಲು ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರದ ಬೆಳೆಗಾರರ ಮುಂದಿಡುವ ಕೆಲಸವನ್ನು ವೈನ್ ಮಂಡಳಿ ಈ ಹಂಗಾಮಿನಿಂದಲೇ ಕೈಗೆತ್ತಿಕೊಳ್ಳಬೇಕು.