ಪರದೇಶ ಸೇವೆ: ಯಾತ್ರೆಯೋ, ವ್ರತವೋ?

ಉಳ್ಳವರ ಮನೆಯ ತರುಣರು ಹಣ ತೆತ್ತು ಪರದೇಶದ ಬಡ ಹಳ್ಳಿಗಳಿಗೆ ಎರಡು ವಾರದ ಸೇವಾಯಾತ್ರೆ ಹೊರಡುವುದು ಈಚೆಗೆ ರೂಢಿಯಾಗಿದೆ. ಅವರ ಮರುಕ ಸುಳ್ಳೆಂದು ನಾವು ಹೇಳೆವು. ಆದರೆ ಮರುಕವೊಂದೇ ಸೇವೆಯೆನಿಸದು. ಕಾಂಬೋಡಿಯಾ, ನೇಪಾಳಗಳಲ್ಲಿ ಇಂತಹ ಅತಿಥಿಗಳ ಕಾಣಿಕೆಯನ್ನೇ ನಂಬಿ ಅನಾಥಾಲಯಗಳು ಹುಟ್ಟಿಕೊಂಡವು; ತಂದೆತಾಯಿಗಳುಳ್ಳ ಮಕ್ಕಳೇ ಅಲ್ಲಿ ಅನಾಥರೆನಿಸಿದರು. ಹೀಗೆ ಮಕ್ಕಳನ್ನು ಸಾಗಿಸುವುದೂ ಗುಲಾಮಗಿರಿಯೇ ಎಂದು 2018ರಲ್ಲಿ ಆಸ್ಟ್ರೇಲಿಯಾ ಸರ್ಕಾರವು ಗುರುತಿಸಿತು.

ಸೇವೆಗೆ ಬೇರೊಂದು ಮೇಲ್ಪಂಕ್ತಿಯೂ ಉಂಟು. ಜಪಾನಿನ ದಾಳಿಗೆ ತುತ್ತಾಗಿದ್ದ ಚೀನೀಯರು ಕೇಳಿಕೊಂಡ ಮೇರೆಗೆ 1938ರಲ್ಲಿ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರು ಒಬ್ಬರು. ಅವರು ಬರಿಗೈಯಲ್ಲಿ ಹೋಗಲಿಲ್ಲ, ವಿದ್ಯೆಯನ್ನು ಒಯ್ದರು. ಅಲ್ಲಿಯ ಭಾಷೆಯನ್ನು ಕಲಿತರು. ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತ, ಅಲ್ಲಿಯವರಿಗೂ ವೈದ್ಯವನ್ನು ಕಲಿಸುತ್ತ, 1942ರಲ್ಲಿ ತಮ್ಮ 32ನೆಯ ವಯಸ್ಸಿನಲ್ಲಿ ಆ ಮಣ್ಣಿನಲ್ಲಿಯೇ ಮಡಿದರು.

ಎಲ್ಲರೂ ಕೋಟ್ನೀಸರಾಗಬೇಕೆಂದು ನಾವು ಬಯಸೆವು. ಆದರೆ ಹೊರಡುವ ಮುನ್ನ ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಲಿ: ನನಗೆ ಬರುವ ಕಸುಬು ಯಾವುದು? ಆ ಹಳ್ಳಿಯವರು ನನ್ನನ್ನು ಕರೆದಿರುವರೇ? ಕರಣೆ ಹಿಡಿಯಲರಿಯದವನು ಕಡಲು ದಾಟಿ ಗೋಡೆ ಕಟ್ಟಹೋಗುವುದಕ್ಕಿಂತ, ಆ ಪ್ರಯಾಣದ ವೆಚ್ಚವನ್ನು ಅಲ್ಲಿಯ ಗಾರೆ ಕೆಲಸದವರ ಕೂಲಿಗೆ ಕಳುಹಿಸುವುದೇ ಮೇಲು.