ಟೆಂಟ್ ಸಿನಿಮಾ: ಮಾವುತನ ಮಗ ಹಾಲಿವುಡ್‌ಗೆ ಹೋದ

ಹಂಪಿಯ ಗಜಶಾಲೆ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳದ ಹೊಸಪೇಟೆ ಹುಡುಗ ಯಾರಿದ್ದಾನೆ ಹೇಳಿ? ಸಾಲಾಗಿ ಹನ್ನೊಂದು ಗುಮ್ಮಟ, ಒಳಗೆ ಆನೆ ಮಾತ್ರ ಒಂದೂ ಇಲ್ಲ! 2005ರಲ್ಲಿ ತೆರೆಗೆ ಬಂದ 'ದಿ ಮಿಥ್'ಗಾಗಿ ಜಾಕಿ ಚಾನ್ ಹಂಪಿಗೇ ಬಂದು ಹೋದ ಮೇಲಂತೂ ಸಂಡೂರು, ಕಂಪ್ಲಿ ಹುಡುಗರದೂ ಒಂದೇ ಪ್ರಶ್ನೆ: "ಅಣ್ಣಾ, ಶೂಟಿಂಗ್ ಬಂದ್ರ ನಮಗೊಂದು ಚಾನ್ಸ್ ಸಿಗ್ತೈತೇನು?"

ಅಂಥ ತಮ್ಮಂದಿರಿಗೆ ಈ ವಾರ ಒಂದು ಆನೆಯ ಕಥೆ, ಒಬ್ಬ ತಬ್ಬಲಿಯ ಕಥೆ. ಕಟ್ಟುಕಥೆ ಅಲ್ಲ, ನಮ್ಮ ನಾಡಿನಲ್ಲೇ ನಡೆದದ್ದು.

ಹುಡುಗನ ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾಡಂಚಿನ ಕಾರಾಪುರದಲ್ಲಿ. ಅಪ್ಪ ಮಹಾರಾಜರ ಆನೆಗೆ ಮಾವುತ. ಸಾಬು ಕೂಸಾಗಿದ್ದಾಗಲೇ ತಾಯಿ ಹೋದಳು. ಹತ್ತು ತುಂಬೋ ಮೊದಲೇ ಅಪ್ಪನೂ ಕಣ್ಣು ಮುಚ್ಚಿದ. ಉಳಿದದ್ದು ಒಬ್ಬ ಅಣ್ಣ, ಮತ್ತೆ ಆ ಆನೆಗಳು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕರು ಮೈಸೂರಿಗೆ ಬಂದರು. ಕಿಪ್ಲಿಂಗ್ ಬರೆದ ಕಥೆಯೊಂದನ್ನು ಚಿತ್ರ ಮಾಡಲು ಅವರಿಗೊಬ್ಬ ಹುಡುಗ ಬೇಕಿತ್ತು. ಅವರ ಛಾಯಾಗ್ರಾಹಕ ಬೊರಾಡೇಲ್ ಕಣ್ಣಿಗೆ ಬಿದ್ದವನೇ ಈ ಹನ್ನೊಂದರ ಪೋರ. ಮೇಕಪ್ ಗೊತ್ತಿಲ್ಲ, ಡೈಲಾಗ್ ಗೊತ್ತಿಲ್ಲ. ಆದರೆ ಗುಡ್ಡದಂಥ ಆನೆ ಅವನ ಮಾತು ಕೇಳುತ್ತಿತ್ತು! ಕ್ಯಾಮೆರಾ ಎದುರಿಗಿಟ್ಟರೆ ಹೆದರಿಕೆಯೂ ಇಲ್ಲ. ತನ್ನೊಳಗೆ ಒಬ್ಬ ನಟ ಇದ್ದಾನೆ ಅನ್ನೋದು ಆ ಹುಡುಗನಿಗೂ ಗೊತ್ತಾದದ್ದು ಆಗಲೇ.

1937ರಲ್ಲಿ 'ಎಲಿಫೆಂಟ್ ಬಾಯ್' ಬಂತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಬಹುಮಾನ ಹೊಡೀತು. ಸಾಬು ಅಣ್ಣನ ಜೊತೆ ಲಂಡನ್‌ಗೆ ಹೋದ, ಆಮೇಲೆ ಹಾಲಿವುಡ್ ಸೇರಿದ. 'ದಿ ಥೀಫ್ ಆಫ್ ಬಾಗ್ದಾದ್' (1940)ನಲ್ಲಿ ಕಳ್ಳ, 'ಜಂಗಲ್ ಬುಕ್' (1942)ನಲ್ಲಿ ಮೋಗ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿದ, ಶೌರ್ಯಪದಕವನ್ನೂ ಗೆದ್ದ. ಯಾವ ಹೀರೋಗೆ ಕಮ್ಮಿ ಹೇಳಿ!

ಇನ್ನು ಕಹಿ ಮಾತು. ಹುಡುಗ ಗಂಡಸಾದ, ಹಾಲಿವುಡ್ ಕಣ್ಣಿಗೆ ಮಾತ್ರ ಕಾಡಿನ ಪೋರನಾಗಿಯೇ ಉಳಿದ. ಬರಬರುತ್ತಾ ಒಳ್ಳೆ ಪಾತ್ರಗಳೇ ಕಮ್ಮಿಯಾದವು. 'ಮದರ್ ಇಂಡಿಯಾ' (1957)ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಇವನನ್ನು ಯೋಚಿಸಿದ್ದರು. ಕೂಡಿ ಬರಲಿಲ್ಲ, ಪಾತ್ರ ಸುನೀಲ್ ದತ್ ಪಾಲಾಯಿತು. 1963ರ ಡಿಸೆಂಬರ್ 2ರಂದು ಹೃದಯಾಘಾತ. ವಯಸ್ಸು ಬರೀ 39.

ಅದಕ್ಕೇ ಹೇಳೋದು ತಮ್ಮಾ, ಸಾಬು ಯಾರ ಹತ್ತಿರವೂ ಚಾನ್ಸ್ ಕೇಳಿಕೊಂಡು ಹೋಗಲಿಲ್ಲ. ಅವನಿಗೆ ಆನೆ ಗೊತ್ತಿತ್ತು, ಕ್ಯಾಮೆರಾ ತಾನಾಗಿ ಬಂತು. ನೀನು ತುಂಗಭದ್ರೆಯಲ್ಲಿ ಹರಿಗೋಲು ತಿರುಗಿಸುವವನೋ, ಸಂಡೂರಿನಲ್ಲಿ ಲಾರಿ ರಿಪೇರಿ ಮಾಡುವವನೋ, ಕಂಪ್ಲಿಯಲ್ಲಿ ಗದ್ದೆ ನಾಟಿ ಮಾಡುವವನೋ, ಆ ಕೆಲಸ ಚೆನ್ನಾಗಿ ಕಲಿ. ಕ್ಯಾಮೆರಾ ಬಂದರೆ ಬರಲಿ. ಅದು ಎದ್ದು ಹೋದ ದಿನ ಅನ್ನ ಹಾಕುವುದು ಆ ಕೆಲಸವೇ.

ಸಾಬುವಿನ ಚಿತ್ರ ಎಲ್ಲಾದರೂ ಸಿಕ್ಕರೆ ಬಿಡಬೇಡಿ, ನೋಡಿ. ಮುಂದಿನ ವಾರ ಮತ್ತೆ ಸಿಗೋಣ.